ಅಗಲದ ಉಂಗುರ

...ಅಕ್ಕ ಸಣ್ಣ ಪಟ್ಟಿಯದ್ದನ್ನೇ ಆರಿಸಿದರು ಎಂದು ಇಷ್ಟು ವರ್ಷ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಈಗ ಬರೆಯಲು ಕುಳಿತರೆ, ಆರಿಸಿದ ಗಳಿಗೆಯಲ್ಲಿ ನಾನು ಅಲ್ಲಿದ್ದೆನೇ ಎಂಬುದೇ ಅನುಮಾನವಾಗುತ್ತಿದೆ. ಕಪ್ಪು ಮಖಮಲ್ಲಿನ ತಟ್ಟೆ ನೆನಪಿದೆ. ಅದರಲ್ಲಿ ಗಂಡಸಿನ ಉಂಗುರ ಎರಡು, ಒಂದರ ಪಟ್ಟಿ ಸಣ್ಣದು, ಇನ್ನೊಂದರದ್ದು ಅದರ ಎರಡರಷ್ಟು. ಹೊರಗೆ ಮಳೆ ಇತ್ತು ಎಂದು ಬರೆದು ಹೊಡೆದುಹಾಕಿದೆ. ವಿರಾಜಪೇಟೆಯನ್ನು ನೆನೆದಾಗಲೆಲ್ಲ ನನ್ನ ತಲೆ ಕೇಳದೆಯೇ ಮಳೆ ಸೇರಿಸುತ್ತದೆ. ಅದು ಕಾಫಿ ಕೊಯ್ಲಿನ ಕಾಲ, ಬಿಸಿಲೇ ಇದ್ದಿರಬೇಕು.

ಆ ಎರಡರಲ್ಲಿ ಒಂದು ಅಕ್ಕನ ಮದುವೆಗೆ. ಬೆರಳು ಅವರದ್ದಲ್ಲ, ಅವರನ್ನು ಮದುವೆಯಾಗಲಿದ್ದ ಗಂಡಸಿನದ್ದು. ಆರಿಸಬೇಕಾದವರು ಮಾತ್ರ ಅವರು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ವಿರಾಜಪೇಟೆಯ ಒಂದು ಚಿನ್ನದಂಗಡಿಯಲ್ಲಿ ಉಂಗುರದ ಕೌಂಟರಿಗೆ ನಿಲ್ಲುತ್ತಿದ್ದವರು. ನಾನು ಅದೇ ಅಂಗಡಿಯಲ್ಲಿ ಬೆಳ್ಳಿಯ ಕಡೆ, ಕಾಲ್ಗೆಜ್ಜೆ, ದೀಪ, ತಟ್ಟೆ ಎಂದುಕೊಂಡು ಇದ್ದೆ. ಅಂಗಡಿಯಲ್ಲಿ ಎಲ್ಲರಿಗೂ ಅವರು ಅಕ್ಕ, ಅವರಿಗಿಂತ ಹಿರಿಯರಾದ ಮಾಲೀಕರಿಗೂ. ಹುಟ್ಟಿದ್ದು ಭಾಗಮಂಡಲದ ಕಡೆ, ಮನೆಮಾತು ಅರೆಭಾಷೆ. ಅಣ್ಣ ಬಿಟ್ಟಂಗಾಲದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅಕ್ಕ ಆ ಅಣ್ಣ ಅತ್ತಿಗೆಯ ಜೊತೆ ಅಲ್ಲೇ ಇದ್ದುಕೊಂಡು ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಕೇಳಿದವರಿಗೆ, "ಎಲ್ಲರ ಕೈ ನೋಡಿ ನೋಡಿ ಸಾಕಾಯ್ತು" ಎನ್ನುತ್ತಿದ್ದರು.

ಕೈ ನೋಡುವುದಂತೂ ನಿಜ. ಗಿರಾಕಿ ಒಳಗೆ ಬಂದರೆ ಮುಖಕ್ಕಿಂತ ಮೊದಲು ಅವರ ಕಣ್ಣು ಕೈಗೆ ಹೋಗುತ್ತಿತ್ತು. ಬೇರೆ ಕಡೆ ಸಿಕ್ಕಾಗ ಅದೇ ಮನುಷ್ಯನ ಗುರುತು ಹತ್ತುತ್ತಿರಲಿಲ್ಲ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನಗುತ್ತ ಮಾತಾಡಿಸಿ ಹೋದರು. ಇವರೂ ನಕ್ಕರು. ಆತ ಬಸ್ಸಿನ ಕಂಬಿ ಹಿಡಿದು ಮೇಲೆ ಹತ್ತುವಾಗ, "ಓ, ಅವರಾ! ಗೆಣ್ಣು ದಪ್ಪ, ಬುಡ ಸಣ್ಣ" ಎಂದರು.

ಹೋದ ತಿಂಗಳು ಅಂಗಡಿಯ ಹಳಬರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಪತ್ರಿಕೆಯ ಒಂದು ತುಂಡಿನ ಫೋಟೋ ಹಾಕಿದರು. ಅಕ್ಕನ ಹಳೆಯ ಮುಖ, ಕೆಳಗೆ ನಾಲ್ಕು ಸಾಲು. ಕೊನೆಯ ಸಾಲು ಎಲ್ಲರಿಗೂ ಬರೆಯುವಂಥದ್ದೇ: ಪತಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಉಳಿದವರು ಕೈಮುಗಿದ ಚಿಹ್ನೆ ಹಾಕುತ್ತಿದ್ದರು. ನಾನು ಆ ಕೊನೆಯ ಪದದಲ್ಲಿ ನಿಂತುಬಿಟ್ಟೆ.

ಯಾಕೆಂದರೆ ಅಕ್ಕನ ಕೌಂಟರಿನಲ್ಲಿ 'ಅಗಲ' ಎಂಬ ಮಾತನ್ನು ಆಡುವಂತಿರಲಿಲ್ಲ. ಗಂಡಸಿಗೆ ಮದುವೆಯ ಉಂಗುರ ಕೊಳ್ಳಲು ಬಂದವರ ಬಾಯಲ್ಲಿ ಮೊದಲು ಬರುವುದೇ ಅದು. ಹೆಣ್ಣಿನದ್ದಾದರೆ ಕಲ್ಲು, ಡಿಸೈನು ಎಂದು ನೂರು ಮಾತು. ಗಂಡಸಿನದ್ದು ಬರೀ ಒಂದು ಬಳೆ. ಅಳತೆ ಬೆರಳು ಹೇಳುತ್ತದೆ, ಆರಿಸಲು ಉಳಿಯುವುದು ಅಗಲ ಒಂದೇ.

"ಸ್ವಲ್ಪ ಅಗಲ ಇರೋದು ತೋರ್ಸಿ" ಎಂದರೆ, "ಪಟ್ಟಿ ದೊಡ್ಡದಿರೋದಾ?" ಎಂದು ತಿದ್ದುತ್ತಿದ್ದರು. ಗಿರಾಕಿ ಮತ್ತೆ ಅಗಲ ಎಂದರೆ, "ಅಗಲೋದು ಬಿಡೋದು ಇಲ್ಲಿ ಬೇಡ. ಕೂಡ್ಲಿಕ್ಕೆ ಬಂದದ್ದಲ್ವಾ ನೀವು?" ಎನ್ನುತ್ತಿದ್ದರು. ಹುಡುಗಿಯರು ನಗುತ್ತಿದ್ದರು. ಜೊತೆಗೆ ಬಂದ ಮುದುಕಿಯರು ನಗದೆ ತಲೆಯಾಡಿಸುತ್ತಿದ್ದರು. ಮಲಯಾಳದವರು ಬಂದರೆ ಈ ತಕರಾರು ಇರಲಿಲ್ಲ, ಅವರು 'ವೀತಿ' ಅನ್ನುತ್ತಾರೆ. "ಅವರದ್ದು ಒಳ್ಳೆ ಭಾಷೆ" ಎಂದು ಅಕ್ಕ ಮೆಚ್ಚಿಕೊಳ್ಳುತ್ತಿದ್ದರು.

ನಾನು ರೇಗಿಸುತ್ತಿದ್ದೆ. "ಅಕ್ಕ, ನಮ್ಮ ಅಂಗಡಿ ಬಾಗಿಲಿಗೆ ಪಟ್ಟಿ ಎಷ್ಟು ಉಂಟು?"

"ಬಾಗಿಲಿಗೆ ಅಗಲ ಇದ್ರೆ ಇರ್ಲಿ ಮಾರಾಯ. ಅದಕ್ಕೆ ಯಾರೂ ಹೆಣ್ಣು ಕೊಡ್ತಾ ಇಲ್ವಲ್ಲ."

ಈ ನಿಷೇಧ ಎಲ್ಲಿಂದ ಬಂತು? ಒಂದು ಸಲ, ಇದು ತಮ್ಮ ತಾಯಿಯದ್ದು ಎಂದಿದ್ದರು. ಇನ್ನೊಂದು ಸಲ, ಮಾಲೀಕರ ತಲೆ ತಿನ್ನಲು ಶುರುಮಾಡಿದ್ದು, ಆಮೇಲೆ ನಾಲಿಗೆಗೆ ಅಭ್ಯಾಸವಾಯಿತು ಎಂದರು. ಎರಡನ್ನೂ ಒಂದೇ ಮುಖ ಇಟ್ಟುಕೊಂಡು ಹೇಳಿದರು. ಎರಡನೆಯದನ್ನು ನಂಬಲು ನನಗೆ ಇಷ್ಟ.

ಇನ್ನೊಂದು, ಕತ್ತಿಯ ಹಿಡಿ. ಅಲಗು ಹೋದ ಒಂದು ಹಳೆಯ ಕತ್ತಿಯ ಮರದ ಹಿಡಿಯನ್ನು ಅಕ್ಕ ಕೌಂಟರಿನ ಕೆಳಗೆ ಇಟ್ಟುಕೊಂಡಿದ್ದರು. ತೋಟದಲ್ಲಿ ನೆರಳುಮರದ ಕೊಂಬೆ ಕಡಿದು ಮರಗಸಿ ಮಾಡುವಾಗ, ಬೇಲಿ ಸವರುವಾಗ ಹಿಡಿಯುವ ಸಾಮಾನ್ಯ ಕತ್ತಿಯದ್ದು. ಗಂಡಿಗೆ ಉಂಗುರ ತೊಡಿಸಿ, ಕನ್ನಡಿ ತೋರಿಸುವ ಬದಲು ಆ ಹಿಡಿಯನ್ನು ಕೈಗೆ ಕೊಡುತ್ತಿದ್ದರು. "ಗಟ್ಟಿ ಹಿಡೀರಿ. ಇನ್ನೂ ಗಟ್ಟಿ. ಎಲ್ಲಿ ಕಚ್ಚುತ್ತೆ ಹೇಳಿ." ಪಟ್ಟಿ ದೊಡ್ಡದಾದರೆ ಪಕ್ಕದ ಬೆರಳಿನ ಬುಡಕ್ಕೆ ಒತ್ತುತ್ತದೆ, ಬೆರಳು ಪೂರ್ತಿ ಮಡಚುವುದಿಲ್ಲ. ಮಳೆಗಾಲದಲ್ಲಿ ಅದರಡಿಗೆ ಹೋದ ನೀರು ಒಣಗುವುದಿಲ್ಲ, ಚರ್ಮ ಬೆಳ್ಳಗಾಗಿ ತುರಿಸುತ್ತದೆ. ಇವು ಅವರ ವಾದಗಳು. ಚಿನ್ನ ಕಡಿಮೆ ತೂಗುವ ಕಡೆಗೇ ಗಿರಾಕಿಯನ್ನು ತಳ್ಳುವ ಈ ವಾದಗಳು ಮಾಲೀಕರಿಗೆ ಎಷ್ಟು ಹಿಡಿಸಿರಬಹುದು?

"ಅಕ್ಕ, ಇದು ಚಿನ್ನದಂಗಡಿಯೋ ಕಮ್ಮಾರನ ಕುಲುಮೆಯೋ?" ಎನ್ನುತ್ತಿದ್ದರು ಮಾಲೀಕರು.

"ಕತ್ತಿ ಹಿಡಿಯೋ ಕೈಯೇ ಅಲ್ವಾ ಸಾರ್ ಇಲ್ಲಿಗೆ ದುಡ್ಡು ತರೋದು?"

ಹುದಿಕೇರಿ ಕಡೆಯ ಒಂದು ಜೋಡಿ ನೆನಪಿದೆ. ಹುಡುಗಿಗೆ ದೊಡ್ಡದೇ ಬೇಕು, ಫೋಟೋದಲ್ಲಿ ಕಾಣಬೇಕು. ಹುಡುಗ ಕತ್ತಿಯ ಹಿಡಿಯನ್ನು ಹಿಡಿದು ಮುಖ ಸಿಂಡರಿಸಿದ. ಹುಡುಗಿ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಅಕ್ಕನ ಮುಂದೆ ಇಟ್ಟು, "ಮದುವೆ ದಿನ ಇವ್ರು ಕತ್ತಿ ಹಿಡಿಯೋದಿಲ್ಲ ಅಕ್ಕ, ನನ್ನ ಕೈ ಹಿಡೀತಾರೆ" ಎಂದಳು. ಅಕ್ಕ ಸೋತರು. ಸೋತದ್ದಕ್ಕೆ ಖುಷಿಯಾಗಿ ಅವಳಿಗೆ ಬೆಲ್ಲದ ಕಾಫಿ ತರಿಸಿಕೊಟ್ಟರು.

ಅವರ ಮಾತು ಯಾವಾಗಲೂ ಸರಿಯಾಗಿರುತ್ತಿತ್ತು ಎಂದೇನಲ್ಲ. ಸೈನ್ಯದಲ್ಲಿದ್ದ ಒಬ್ಬ ಕೊಡವ ಹುಡುಗನಿಗೆ ಹಟ ಹಿಡಿದು ತೆಳ್ಳಗಿನದ್ದೇ ಕೊಡಿಸಿದರು. ರಜೆಗೆ ಬಂದಾಗ ಅವನು ಅದನ್ನು ಕೌಂಟರಿನ ಮೇಲೆ ಉರುಳಿಸಿದ. ಅದು ಉರುಳಲಿಲ್ಲ. ಮೊಟ್ಟೆಯ ಆಕಾರಕ್ಕೆ ಬಂದಿತ್ತು. "ಅಕ್ಕ, ಇದು ಉಂಗುರವಾ, ಕೀ ಬಂಚಿನ ಬಳೆಯಾ?" ಎಂದ. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, "ಬಂದೂಕಿನ ಹಿಡಿ ನನ್ನತ್ರ ಇರ್ಲಿಲ್ಲ" ಎಂದರು.

ಇವೆಲ್ಲ ಸುಲಭವಾಗಿ ನೆನಪಾಗುತ್ತವೆ, ಹೇಳಿ ಹೇಳಿ ನಯವಾಗಿವೆ. ನನಗೆ ಬೇಕಾದದ್ದು ಹಾಗೆ ಒದಗುತ್ತಿಲ್ಲ.

ಮದುವೆ ಗೊತ್ತಾದ ಸುದ್ದಿಯನ್ನು ಅಕ್ಕ ನಮಗೆ ಹೇಳಲಿಲ್ಲ. ಅತ್ತಿಗೆ ಒಂದು ದಿನ ಬೆಳ್ಳಿ ದೀಪ ಕೊಳ್ಳಲು ಬಂದವರು ನನ್ನ ಹತ್ತಿರ ಹೇಳಿದರು. ಗಂಡು ಶನಿವಾರಸಂತೆಯ ಕಡೆಯವರು, ಹಿಟ್ಟಿನ ಗಿರಣಿ ನಡೆಸುತ್ತಾರೆ. ಮೊದಲ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿಲ್ಲ. ನಿಶ್ಚಿತಾರ್ಥದಲ್ಲಿ ಉಂಗುರ ಬದಲಾಯಿಸುವುದು ಈಗ ಎಲ್ಲರ ಮನೆಯಲ್ಲೂ ಇದೆ. "ಹೆಣ್ಣಿನ ಕಡೆಯ ಉಂಗುರಕ್ಕೆ ಇನ್ನೆಲ್ಲಿ ಹೋಗ್ಲಿ ಹೇಳು, ಮನೆಯಲ್ಲೇ ಅಂಗಡಿ ಇಟ್ಕೊಂಡು?" ಎಂದರು ಅತ್ತಿಗೆ.

ಗಿರಣಿಯವರು ಅತ್ತಿಗೆಯ ಜೊತೆ ಬಂದದ್ದು ಮಧ್ಯಾಹ್ನ, ಅಂಗಡಿಯಲ್ಲಿ ಜನ ಕಡಿಮೆ ಇದ್ದಾಗ. ಅಕ್ಕ ಕೌಂಟರಿನ ಆಚೆ, ತಮ್ಮ ಎಂದಿನ ಜಾಗದಲ್ಲೇ ನಿಂತರು. ಗಿರಾಕಿಯ ಕಡೆ ಬಂದು ಕೂರು ಎಂದು ಮಾಲೀಕರು ಹೇಳಿದರೂ ಬರಲಿಲ್ಲ. ನಾನು ಬೆಳ್ಳಿ ಬಿಟ್ಟು ಅಲ್ಲಿಗೆ ಹೋಗಿ ನಿಂತಿದ್ದೆ. ಇದು ಖಚಿತ.

ಗಿರಣಿಯವರು ಎಡಗೈಯನ್ನು ತಟ್ಟೆಯ ಪಕ್ಕ ಇಟ್ಟರು. ದೊಡ್ಡ ಕೈ, ಉಗುರಿನ ಸಂದಿಯಲ್ಲಿ ಹಿಟ್ಟು. ಗೆಣ್ಣಿನ ಮೇಲೆ ಹಸಿ ತರಚು. ಉಂಗುರದ ಬೆರಳಿನ ಬುಡದಲ್ಲಿ ಒಂದು ಬಿಳಿ ಪಟ್ಟಿ, ಸುತ್ತಲಿನ ಚರ್ಮಕ್ಕಿಂತ ತುಸು ತಗ್ಗಾಗಿತ್ತು. ಬಹಳ ಕಾಲ ಬಿದ್ದಿದ್ದ ಹಲಗೆಯನ್ನು ಎತ್ತಿದಾಗ ಅಡಿಯ ಹುಲ್ಲು ಕಾಣುವ ಹಾಗೆ.

"ನಿನ್ನೆ ತೆಗ್ದೆ" ಎಂದರು. "ಸೋಪು, ಎಣ್ಣೆ, ಎಲ್ಲಾ ಹಾಕಿ. ಬರ್ತಾನೇ ಇರ್ಲಿಲ್ಲ."

ಮೊದಲ ಮದುವೆಯ ಉಂಗುರದ ಗುರುತು. ದೊಡ್ಡ ಪಟ್ಟಿಯದ್ದೇ ಇದ್ದಿರಬೇಕು. ಅಕ್ಕ ಅದನ್ನು ನೋಡಿದರು. ಎಂದಿನಂತೆ ಕೈ ಹಿಡಿದು ನೋಡಲಿಲ್ಲ, ದೂರದಿಂದ ನೋಡಿದರು. ನಮ್ಮಲ್ಲಿ ಯಾರಿಗೂ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಣ್ಣ ಪಟ್ಟಿಯ ಉಂಗುರ ತೊಡಿಸಿದರೆ ಅದರ ಎರಡೂ ಬದಿಗೆ ಆ ಬಿಳಿ ಕಾಣುತ್ತದೆ. ನಿಶ್ಚಿತಾರ್ಥದ ದಿನ ಎಲ್ಲರೂ ನೋಡುವುದು ಅದನ್ನೇ. ದೊಡ್ಡದಾದರೆ ಹಳೆಯದರ ಜಾಗದಲ್ಲಿ ಹಳೆಯದರಷ್ಟೇ ಇನ್ನೊಂದು ಕೂರುತ್ತದೆ, ಏನೂ ಕಾಣುವುದಿಲ್ಲ.

ಅತ್ತಿಗೆ ಬಾಯಿಬಿಟ್ಟು ಹೇಳಿದರು. "ಮುಚ್ಚುವಂಥದ್ದು ಕೊಡು ಮಾರಾಯ್ತಿ. ನಾಳೆ ಜನ ಕೈ ನೋಡ್ತಾರೆ, ನಿನ್ನ ಸಿದ್ಧಾಂತ ನೋಡೋದಿಲ್ಲ."

ಅಕ್ಕ ಅಳತೆ ಬಳೆಗಳ ಗೊಂಚಲು ತೆಗೆದರು, ಅಳತೆ ಹಿಡಿದರು. ಎರಡು ಉಂಗುರ ತಟ್ಟೆಯಲ್ಲಿಟ್ಟರು. ಆಮೇಲೆ ಕೌಂಟರಿನ ಕೆಳಗೆ ಬಗ್ಗಿ ಕತ್ತಿಯ ಹಿಡಿಯನ್ನೂ ತೆಗೆದರು. ಅಭ್ಯಾಸ.

"ನಂಗ್ಯಾಕೆ ಇದು? ನಂದು ಗಿರಣಿ ಅಲ್ವಾ. ಅಕ್ಕಿ ಸುರೀತೀನಿ, ಹಿಟ್ಟು ತುಂಬ್ತೀನಿ" ಎಂದು ಗಿರಣಿಯವರು ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟರು. ತಟ್ಟೆಯತ್ತ ಬೆರಳು ಮಾಡಿ, "ನೀವೆಲ್ಲ ಯೋಚ್ನೆ ಮಾಡ್ಬೇಡಿ. ಅಗಲದ್ದೇ ಕೊಟ್ಬಿಡಿ" ಎಂದರು.

ಅತ್ತಿಗೆ ನನ್ನ ಮುಖ ನೋಡಿದರು. ನಾನು ಅಕ್ಕನ ಮುಖ ನೋಡಿದೆ.

"ಇಲ್ಲಿ ಆ ಮಾತು ಹೇಳೋದಿಲ್ಲ" ಎಂದರು ಅಕ್ಕ.

"ಯಾವ ಮಾತು?"

"ಈಗ ಹೇಳಿದ್ರಲ್ಲ."

ಗಿರಣಿಯವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ನಗಲಿಲ್ಲ, ಲೆಕ್ಕ ಹಾಕುವವರ ಹಾಗೆ ಹುಬ್ಬು ಗಂಟಿಕ್ಕಿದರು. "ಅಗಲದ್ದು ಅಂದ್ರೆ ಅಗಲ್ದೇ ಇರೋದು ಅಂತಾನೂ ಆಗುತ್ತಲ್ವಾ? ಅಗಲದ ಉಂಗುರ. ನೋಡಿ, ಹೇಳ್ಕೊಳ್ಳಿ ಒಂದ್ಸಲ."

ಇಲ್ಲಿ ನನಗೆ ನನ್ನ ಮೇಲೆಯೇ ಅನುಮಾನ. ಈ ಮಾತು ಇಷ್ಟು ಚೆನ್ನಾಗಿ ಕೂರುತ್ತದೆ ಎಂಬುದೇ ಅನುಮಾನಕ್ಕೆ ಕಾರಣ. ಆಡಿದವರು ಅವರೇ ಇರಬಹುದು. ಆಮೇಲೆ ಯಾವಾಗಲೋ ನಾನೇ ಕಟ್ಟಿ ಅವರ ಬಾಯಲ್ಲಿ ಇಟ್ಟಿರಲೂಬಹುದು. ಆದರೆ ಅಕ್ಕ ತುಟಿ ಅಲ್ಲಾಡಿಸಿ ಏನನ್ನೋ ಸದ್ದಿಲ್ಲದೆ ಹೇಳಿಕೊಂಡದ್ದನ್ನು ಕಂಡಿದ್ದೇನೆ. ಅದನ್ನು ನಾನು ಕಟ್ಟಿದ್ದಲ್ಲ.

"ನಿಮ್ಗೆ ಯಾವ್ದು ಆಗ್ಬೇಕು ಹೇಳಿ. ನಾನು ಅದೇ ಹಾಕ್ಕೊಳ್ತೀನಿ" ಎಂದರು ಗಿರಣಿಯವರು.

ಅಕ್ಕ, "ನಂಗೆ ಗೊತ್ತಿಲೆ" ಎಂದರು. ಅರೆಭಾಷೆಯಲ್ಲಿ. ಕೌಂಟರಿನಲ್ಲಿ ನಿಂತು ಅವರು ಮನೆಮಾತು ಆಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ, ಗೊತ್ತಿಲ್ಲ ಎಂದದ್ದನ್ನೂ.

ಅತ್ತಿಗೆ ತೊಡೆ ತಟ್ಟಿಕೊಂಡು ನಕ್ಕರು. "ಊರಿನ ಗಂಡಸರಿಗೆಲ್ಲ ಹೇಳಿಕೊಟ್ಟವಳಿಗೆ ತನ್ನ ಗಂಡಂದು ಗೊತ್ತಿಲ್ವಂತೆ!"

ಗಿರಣಿಯವರಿಗೆ ಮುಜುಗರವಾಯಿತು. ಬಲಗೈ ಹೆಬ್ಬೆರಳಿನಿಂದ ಆ ಬಿಳಿ ಗುರುತನ್ನು ತಿಕ್ಕುತ್ತ, "ಇದು ಹೋಗುತ್ತೆ ಬಿಡಿ, ಬಿಸ್ಲು ಬಿದ್ರೆ" ಎಂದರು.

"ಹೋಗ್ಲೇಬೇಕು ಅಂತ ನಾನು ಹೇಳಿದ್ನಾ?" ಎಂದರು ಅಕ್ಕ.

ಜಗಳದ ದನಿಯಲ್ಲ. ಗಿರಾಕಿಯ ಅಳತೆ ಕೇಳುವಾಗಿನ ದನಿಯೇ. ಗಿರಣಿಯವರು ತಿಕ್ಕುವುದನ್ನು ನಿಲ್ಲಿಸಿದರು. ಆಗ ಅಕ್ಕ ಮೊದಲ ಸಲ ಅವರ ಬೆರಳನ್ನು ಹಿಡಿದುಕೊಂಡರು. ತರಚಿದ ಗೆಣ್ಣನ್ನು ನೋಡಿ, "ಇಷ್ಟು ಎಳೀಬಾರ್ದಿತ್ತು. ನೂಲು ಸುತ್ತಿ ತೆಗೀಬೇಕು" ಎಂದರು.

ಅಷ್ಟರಲ್ಲಿ ಬೆಳ್ಳಿಯ ಕಡೆ ಗಿರಾಕಿ ಬಂದರು. ಮಗುವಿಗೆ ಕಾಲ್ಗೆಜ್ಜೆ. ನಾನು ಹೋದೆ. ಮಗು ಕಾಲು ಕೊಡದೆ ಅತ್ತಿತು, ಅದನ್ನು ಸುಧಾರಿಸಿ ಮರಳಿ ಬರುವಾಗ ಗಿರಣಿಯವರೂ ಅತ್ತಿಗೆಯೂ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು. ತಟ್ಟೆಯಲ್ಲಿ ಒಂದೇ ಉಂಗುರ ಉಳಿದಿತ್ತು. ಅದು ದೊಡ್ಡ ಪಟ್ಟಿಯದ್ದು. ಅಕ್ಕ ಅದನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಗೆ ಸೇರಿಸಿದರು. ನಾನು ಏನೂ ಕೇಳಲಿಲ್ಲ. ಸಣ್ಣದನ್ನು ಕೊಂಡುಹೋದರು, ಎರಡು ಬದಿಯ ಬಿಳಿಯನ್ನು ಇರುವಂತೆ ಇರಲು ಬಿಟ್ಟರು ಎಂದು ಆ ದಿನದಿಂದ ಹೇಳುತ್ತ ಬಂದೆ. ಇನ್ನೊಬ್ಬಳ ಗುರುತನ್ನು ಮುಚ್ಚದೆ ಮದುವೆಯಾದ ಹೆಂಗಸು ಎಂದು ಹೇಳುವಾಗ ನನಗೂ ಹಿತವಾಗುತ್ತಿತ್ತು, ಕೇಳುವವರಿಗೂ.

ಮದುವೆಗೆ ಹೋಗಿದ್ದೆ. ಹಂದಿ ಕರಿ ಚೆನ್ನಾಗಿತ್ತು. ಸಾಲಿನಲ್ಲಿ ನಿಂತು ಮದುಮಗನ ಕೈ ಕುಲುಕಿದೆ, ಅದು ಬಲಗೈ. ಫೋಟೋದಲ್ಲಿ ಅವರ ಎಡಗೈ ಅಕ್ಕನ ಸೆರಗಿನ ಹಿಂದೆ ಇದೆ. ಮದುವೆಯ ನಂತರ ಅಕ್ಕ ಕೆಲಸ ಬಿಟ್ಟು ಶನಿವಾರಸಂತೆಗೆ ಹೋದರು. ಕತ್ತಿಯ ಹಿಡಿಯನ್ನೂ ತೆಗೆದುಕೊಂಡು ಹೋದರು ಎಂದು ಕೆಲವರು ಹೇಳುತ್ತಾರೆ, ಅದು ಸುಳ್ಳು. ಅಂಗಡಿ ಮುಚ್ಚುವವರೆಗೂ ಅದು ಕೌಂಟರಿನ ಕೆಳಗೇ ಇತ್ತು. ಹೊಸಬರು ಅದರಿಂದ ಕಿಟಕಿಗೆ ಆನಿಕೆ ಕೊಡುತ್ತಿದ್ದರು.

ತಿಥಿಯ ದಿನ ನಾನು ಶನಿವಾರಸಂತೆಗೆ ಹೋದೆ. ಗಿರಣಿ ನಿಂತಿತ್ತು. ಮನೆಯ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ಗಿರಣಿಯವರು ಗುರುತು ಹಿಡಿದರು.

"ಬೆಳ್ಳಿ ಕೌಂಟ್ರೋರು ಅಲ್ವಾ? ಬನ್ನಿ, ಊಟ ಮಾಡ್ಕೊಂಡೇ ಹೋಗ್ಬೇಕು."

ಪಕ್ಕದ ಕುರ್ಚಿಯಲ್ಲಿ ಕುಳಿತರು. ಆಮೇಲೆ ಅವರೇ ಮನೆಯ ಹೊಸ ಬಾಗಿಲಿನ ಕಡೆ ಗಲ್ಲ ಎತ್ತಿ ತೋರಿಸಿ ಹೇಳಿದರು: "ಅದು ಮಾಡ್ಸೋವಾಗ ಬಡಗಿ ತಲೆ ಕೆಟ್ಟೋಗಿತ್ತು ಕಣ್ರೀ. ಬಾಗಿಲಿಗೂ ಪಟ್ಟಿ ಅಂತ್ಲೇ ಅನ್ಬೇಕು. ಮಂಚಕ್ಕೂ ಪಟ್ಟಿ. ರಸ್ತೆಗೂ ಪಟ್ಟಿ. ಈ ಮನೇಲಿ ಆ ಪದ ಯಾರೂ ಆಡಂಗಿರ್ಲಿಲ್ಲ. ನಂಗೂ ನಾಲ್ಗೆ ಹಂಗೇ ಆಗೋಯ್ತು."

ಅಂಗಡಿಯಲ್ಲಿ ನನಗೆ, ಬಾಗಿಲಿಗೆ ಅಗಲ ಇದ್ದರೆ ಇರಲಿ ಎಂದಿದ್ದವರು ಇದೇ ಅಕ್ಕ.

"ಪೇಪರ್ನೋರು ಹಾಕಿದ್ರಲ್ಲ, ನೋಡಿದ್ರಾ?" ಎಂದರು. "ಕೊನೇ ಸಾಲು ಬೇಡಾಂತ ಹೇಳ್ಬೇಕಿತ್ತು. ತೋಚ್ಲಿಲ್ಲ."

ಯಾರೋ ಕಾಫಿ ತಂದರು. ಅವರು ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು. ಬೆರಳಲ್ಲಿ ಉಂಗುರ ಇರಲಿಲ್ಲ. ಇದ್ದ ಜಾಗದಲ್ಲಿ ಬಿಳಿ ಗುರುತು ಇತ್ತು, ಚರ್ಮಕ್ಕಿಂತ ತುಸು ತಗ್ಗಾಗಿ. ಅದು ದೊಡ್ಡ ಪಟ್ಟಿಯ ಗುರುತು. ನಾನು ಅಂಗಡಿಯಲ್ಲಿ ಕಂಡಿದ್ದಷ್ಟೇ ದೊಡ್ಡದು.

ಸಣ್ಣ ಉಂಗುರವನ್ನು ಇಷ್ಟು ವರ್ಷ ತೊಟ್ಟಿದ್ದರೆ ಬದಿಯ ಬಿಳಿ ಬಿಸಿಲಿಗೆ ಯಾವಾಗಲೋ ಕಪ್ಪಾಗಿ ಹೋಗಿರಬೇಕಿತ್ತು. ಹಾಗಾದರೆ ಅಕ್ಕ ಆ ದಿನ ದೊಡ್ಡದನ್ನೇ ಕೊಟ್ಟಿರಬಹುದು, ತಟ್ಟೆಯಲ್ಲಿ ಉಳಿದದ್ದನ್ನು ನಾನು ತಪ್ಪಾಗಿ ಕಂಡಿರಬಹುದು. ಕೊಟ್ಟಿದ್ದರೆ ಅದು ಗುರುತು ಮುಚ್ಚಲೋ, ಆ ಪದಕ್ಕೆ ಗಿರಣಿಯವರು ಕೊಟ್ಟ ಇನ್ನೊಂದು ಅರ್ಥಕ್ಕೋ. ಸಣ್ಣದನ್ನು ಕೊಟ್ಟು ಆಮೇಲೆ ಬದಲಾಯಿಸಿರಲೂಬಹುದು. ಅಥವಾ ಅಕ್ಕ ಕಾಯಿಲೆ ಬಿದ್ದಾಗಲೋ ಇನ್ನಾವಾಗಲೋ ಗಿರಣಿಯವರು ಮೊದಲ ಮದುವೆಯ ಉಂಗುರವನ್ನು ಮತ್ತೆ ತೊಟ್ಟಿರಬಹುದು. ಆ ಬಿಳಿಯ ನಡುವೆ ಇನ್ನೊಂದು ತೆಳು ಗೀರು ಇತ್ತು ಎಂದು ಬರೆಯಲು ಕೈ ಹೋಗುತ್ತದೆ. ಇರಲಿಲ್ಲ. ಇದ್ದರೂ ನಾನು ನೋಡಲಿಲ್ಲ.

ಕೇಳಬಹುದಿತ್ತು. ಅವರು ಪಕ್ಕದಲ್ಲೇ ಇದ್ದರು, ಕೇಳಿದ್ದರೆ ಹೇಳುತ್ತಿದ್ದರು. ಆದರೆ ಕೇಳಬೇಕಾದರೆ ಆ ಮನೆಯಲ್ಲಿ ಕುಳಿತು ನಾನು ಅಗಲ ಎನ್ನಬೇಕಿತ್ತು. ಪಟ್ಟಿ ಎಂದು ಕೇಳಬಹುದಿತ್ತು ಎಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಅವರ ಬೆರಳಿನಲ್ಲಿ ನಾನು ಕಂಡದ್ದು ಯಾವ ಉಂಗುರದ ಗುರುತು ಎಂದು ನನಗೆ ಗೊತ್ತಿಲ್ಲ.